ಮೊದಲು ಕ್ಯಾಸೆಟ್ಟು, ಆಮೇಲೆ ಗ್ರಾಮಫೋನ್ ತಟ್ಟೆ: ಕಲಬುರಗಿ ಕಡೆಯ ಹಳೆ ದನಿಗಳನ್ನು ಉಳಿಸುವ ಪ್ರಶ್ನೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹಳೆ ಮನೆಗಳಲ್ಲಿ ಎರಡು ತರದ ಹಳೆ ದನಿಗಳಿವೆ. ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಗ್ರಾಮಫೋನ್, ಅದರ ಜೊತೆ ಕರಿ ತಟ್ಟೆಗಳು. ಬಹಳಷ್ಟು ಮನೆಗಳಲ್ಲಿ ರಟ್ಟಿನ ಡಬ್ಬಿ ತುಂಬ ಕ್ಯಾಸೆಟ್ಟು. ಗ್ರಾಮಫೋನಿಗೆ ಈಗ ಒಳ್ಳೆ ಬೆಲೆ ಇದೆ. ಅದನ್ನು ಒರೆಸಿ ಷೋಕೇಸಿನಲ್ಲಿ ಇಡುತ್ತಾರೆ, ಬಂದವರಿಗೆ ತೋರಿಸುತ್ತಾರೆ. ಕ್ಯಾಸೆಟ್ಟುಗಳು ಮಾತ್ರ ಅಟ್ಟದ ಮೇಲೆ, ತಗಡಿನ ಕೆಳಗೆ ಬಿದ್ದಿರುತ್ತವೆ. ಮನೆ ಬದಲಿಸುವಾಗ ಮೊದಲು ಗುಜರಿಗೆ ಹೋಗುವುದೂ ಅವೇ.

ಈ ಕ್ರಮ ತಿರುವುಮುರುವಾಗಿದೆ. ಉಳಿಸುವ ಕೆಲಸ ಕ್ಯಾಸೆಟ್ಟಿನಿಂದ ಶುರುವಾಗಬೇಕು, ಅದೂ ಬೇಗ. 2019ರಲ್ಲಿ ಯುನೆಸ್ಕೊ ಮತ್ತು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಸೇರಿ, ಕ್ಯಾಸೆಟ್ಟಿನೊಳಗಿನ ರೀಲಿನಂಥ ಮ್ಯಾಗ್ನೆಟಿಕ್ ಟೇಪುಗಳ ಬಗ್ಗೆ ಜಗತ್ತಿಗೆ ಎಚ್ಚರಿಕೆ ಕೊಟ್ಟವು. 2025ರ ಹೊತ್ತಿಗೆ ಟೇಪು ಓದುವ ಯಂತ್ರಗಳು, ಅವುಗಳ ಬಿಡಿಭಾಗಗಳು ಸಿಗುವುದೇ ಕಷ್ಟವಾಗಬಹುದು, ಟೇಪಿನಲ್ಲಿ ಇರುವುದು ಟೇಪಿನಲ್ಲೇ ಉಳಿದುಹೋಗಬಹುದು ಅಂತ. ಆ ವರ್ಷ ಬಂದೇಬಿಟ್ಟಿತು. ನಮ್ಮ ಕಡೆ ಈ ಮಾತಿನ ಸದ್ದು ಅಷ್ಟಾಗಿ ಕೇಳಿಬಂದಿಲ್ಲ.

ತಟ್ಟೆ ಯಾಕೆ ಕಾಯಬಲ್ಲದು, ಕ್ಯಾಸೆಟ್ಟು ಯಾಕೆ ಕಾಯಲಾರದು ಅಂತ ತಿಳಿಯಲು ದನಿ ಒಂದು ವಸ್ತುವಿನೊಳಗೆ ಹೇಗೆ ಹೋಗಿ ಕೂರುತ್ತದೆ ಅನ್ನುವುದನ್ನು ನೋಡಬೇಕು. ಅದರ ಕಥೆ ದನಿ ತುಂಬಿ ಮತ್ತೆ ನುಡಿಸಿದ ಮೊದಲ ಯಂತ್ರವಾದ ಫೋನೋಗ್ರಾಫಿನಿಂದ, ಅದಕ್ಕೂ ಹಿಂದಿನ ಒಂದು ಪ್ರಯೋಗದಿಂದ ಶುರುವಾಗುತ್ತದೆ.

ದನಿ ಅಂದರೆ ಗಾಳಿಯ ಒತ್ತಡದ ಏರಿಳಿತ. ಹಾಡುವವರ ಗಂಟಲಿನಿಂದ ಹೊರಟ ಆ ಏರಿಳಿತ ಸೆಕೆಂಡಿಗೆ ನೂರಾರು ಸಲ ನಮ್ಮ ಕಿವಿಯ ತಮಟೆಯನ್ನು ಒತ್ತಿ ಬಿಡುತ್ತದೆ. ಕಿವಿಯ ಬದಲು ಒಂದು ತೆಳು ಹಾಳೆಯನ್ನು ಇಟ್ಟರೆ ಅದೂ ಹಾಗೇ ಅಲುಗುತ್ತದೆ. 1857ರಲ್ಲಿ ಫ್ರಾನ್ಸಿನ ಸ್ಕಾಟ್ ದ ಮಾರ್ಟಿನ್‌ವಿಲ್ ಇದನ್ನೇ ಮಾಡಿದ. ಹಾಳೆಗೆ ಒಂದು ಗಟ್ಟಿ ಕೂದಲು ಅಂಟಿಸಿ, ದೀಪದ ಮಸಿ ಹಿಡಿಸಿದ ಕಾಗದದ ಮೇಲೆ ದನಿಯ ಗೆರೆ ಎಳೆಸಿದ. ಆದರೆ ಆ ಗೆರೆಯನ್ನು ನೋಡಬಹುದಿತ್ತು ಅಷ್ಟೆ, ಕೇಳಲು ದಾರಿ ಇರಲಿಲ್ಲ. ಹಾಗೆ ಕೇಳಬೇಕು ಅನ್ನುವ ಆಸೆಯೂ ಅವನಿಗೆ ಇರಲಿಲ್ಲ. ದನಿಯನ್ನು ಕಣ್ಣಿನಿಂದ ಓದುವುದು ಅವನ ಗುರಿಯಾಗಿತ್ತು.

1877ರಲ್ಲಿ ಅಮೆರಿಕದ ಮೆನ್ಲೊ ಪಾರ್ಕಿನಲ್ಲಿ ಥಾಮಸ್ ಎಡಿಸನ್ ಗೆರೆಯ ಜಾಗದಲ್ಲಿ ತಗ್ಗು ಮಾಡಿಸಿದ. ಅವನ ಯಂತ್ರವೇ ಫೋನೋಗ್ರಾಫ್. ಹಿತ್ತಾಳೆಯ ಒಂದು ಉರುಳೆ, ಅದರ ಮೈಮೇಲೆ ಸುರುಳಿ ಸುರುಳಿಯಾಗಿ ಕೊರೆದ ಗೀರು, ಅದರ ಮೇಲೆ ಸುತ್ತಿದ ತವರದ ತೆಳು ಹಾಳೆ. ಕೈಯಿಂದ ಹಿಡಿ ತಿರುಗಿಸಿದರೆ ಉರುಳೆ ಸುತ್ತುತ್ತದೆ, ಸ್ಕ್ರೂವಿನಂತೆ ಸುರುಳಿ ಗೀರು ಇರುವ ದಂಡದ ಮೇಲೆ ನಿಧಾನಕ್ಕೆ ಪಕ್ಕಕ್ಕೂ ಸರಿಯುತ್ತದೆ. ಎದುರಿನ ತೆಳು ಪೊರೆಗೆ ಬಾಯಿಟ್ಟು ಮಾತಾಡಿದರೆ ಅದು ಅಲುಗಿ, ಅದಕ್ಕೆ ಹೊಂದಿದ ಮುಳ್ಳು ತವರದ ಹಾಳೆಯನ್ನು ಒತ್ತುತ್ತಾ ಹೋಗುತ್ತದೆ. ಜೋರು ದನಿಗೆ ಆಳದ ತಗ್ಗು, ಮೆಲುದನಿಗೆ ಮೇಲುಮೇಲಿನ ತಗ್ಗು. ತಾರಕದ ಸ್ವರಕ್ಕೆ ಒತ್ತೊತ್ತಾದ ತಗ್ಗು, ಮಂದ್ರಕ್ಕೆ ದೂರದೂರದ ತಗ್ಗು. ಉರುಳೆಯನ್ನು ಮತ್ತೆ ಮೊದಲಿಗೆ ತಂದು ಅದೇ ದಾರಿಯಲ್ಲಿ ಮುಳ್ಳು ಓಡಿಸಿದರೆ ಕೆಲಸ ಉಲ್ಟಾ ನಡೆಯುತ್ತದೆ. ತಗ್ಗುಗಳು ಮುಳ್ಳನ್ನು ಅಲುಗಿಸುತ್ತವೆ, ಮುಳ್ಳು ಪೊರೆಯನ್ನು, ಪೊರೆ ಗಾಳಿಯನ್ನು.

ಇಷ್ಟರಲ್ಲಿ ಎಲ್ಲೂ ಕರೆಂಟಿಲ್ಲ. ದನಿಯ ಬಲವೇ ಹಾಳೆಯನ್ನು ಒತ್ತಿತು. ಮುಂದೆ ಬಂದ ದೊಡ್ಡ ಕಹಳೆಯೂ ದನಿಗೆ ಹೊಸ ಬಲ ಕೊಡುವುದಿಲ್ಲ. ಸಣ್ಣ ಪೊರೆ ಒಂಟಿಯಾಗಿ ಕೋಣೆಯ ಗಾಳಿಯನ್ನು ಸರಿಯಾಗಿ ನೂಕಲಾರದು. ಬರಬರುತ್ತಾ ಅಗಲವಾಗುವ ಕಹಳೆ ಪೊರೆಯ ಅಲುಗಾಟವನ್ನು ದೊಡ್ಡ ಗಾಳಿಗೆ ದಾಟಿಸಿಕೊಡುತ್ತದೆ, ಅದರಿಂದ ಕೇಳುವವರಿಗೆ ಜೋರಾಗಿ ಕೇಳುತ್ತದೆ.

ತವರದ ಹಾಳೆ ಕೆಲವೇ ಸಲ ನುಡಿಸಿದರೆ ಸವೆದುಹೋಗುತ್ತಿತ್ತು. 1880ರ ದಶಕದಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ಸಂಗಾತಿಗಳು ಅದರ ಬದಲು ಮೇಣ ತಂದರು. ಮೇಣದಲ್ಲಿ ಮುಳ್ಳು ಒತ್ತುವ ಬದಲು ಕೊರೆಯುತ್ತದೆ. ಗೀರು ನಯವಾಗುತ್ತದೆ, ದನಿ ಸ್ಪಷ್ಟವಾಗುತ್ತದೆ. ಬೇಡವಾದರೆ ಮೇಲಿನ ಪದರ ಹೆರೆದು ಮತ್ತೆ ಬಳಸಬಹುದು.

1878ರಲ್ಲಿ ಎಡಿಸನ್ ತನ್ನ ಯಂತ್ರದಿಂದ ಏನೇನು ಉಪಯೋಗ ಅಂತ ಒಂದು ಪತ್ರಿಕೆಯಲ್ಲಿ ಬರೆದ. ಅದರಲ್ಲಿ ಸಂಗೀತ ಇತ್ತು, ಕಣ್ಣು ಕಾಣದವರಿಗೆ ಪುಸ್ತಕ ಇತ್ತು. ಮನೆಮಂದಿಯ ದನಿ, ಸಾಯುವವರ ಕೊನೆ ಮಾತು ಉಳಿಸುವುದು ಇತ್ತು. ಜನ ತಮ್ಮ ಭಾಷೆಯನ್ನು ಹೇಗೆ ಉಚ್ಚರಿಸುತ್ತಾರೋ ಹಾಗೇ ಕಾಪಾಡುವುದೂ ಇತ್ತು. ಅವನ ಯಂತ್ರ ಇದಕ್ಕೆ ತಕ್ಕದ್ದೇ ಆಗಿತ್ತು, ಯಾಕಂದರೆ ಒಂದೇ ಯಂತ್ರ ದನಿ ತುಂಬುತ್ತಿತ್ತು, ಅದೇ ಹೊರಗೂ ಕೊಡುತ್ತಿತ್ತು. ಕೊಂಡವರು ಕೇಳಬಹುದಿತ್ತು, ತಾವೇ ಹಾಡಿಯೂ ಇಡಬಹುದಿತ್ತು. 1899ರಲ್ಲಿ ವಿಯೆನ್ನಾದಲ್ಲಿ ಜಗತ್ತಿನ ಮೊದಲ ಧ್ವನಿ ಸಂಗ್ರಹಾಲಯ ಹುಟ್ಟಿದ್ದು ಈ ಗುಣದಿಂದಲೇ.

ಆದರೆ ಗೆದ್ದಿದ್ದು ಇನ್ನೊಂದು ಯಂತ್ರ. 1887ರಲ್ಲಿ ಎಮಿಲ್ ಬರ್ಲಿನರ್ ಉರುಳೆಯನ್ನು ಬಿಟ್ಟು ಚಪ್ಪಟೆ ತಟ್ಟೆ ಹಿಡಿದ, ಅದಕ್ಕೆ ಗ್ರಾಮಫೋನ್ ಅಂತ ಹೆಸರಿಟ್ಟ. ಅವನ ಮುಳ್ಳು ಮೇಲೆ ಕೆಳಗೆ ಹೋಗುವುದಿಲ್ಲ, ಎಡಕ್ಕೆ ಬಲಕ್ಕೆ ಓಲಾಡುತ್ತದೆ. ದನಿ ತುಂಬಲು ಅವನು ಆರಿಸಿಕೊಂಡಿದ್ದು ಸತುವಿನ ತಟ್ಟೆ. ಬೀದರಿನ ಬಿದ್ರಿ ಕೆಲಸಗಾರರು ಸತುವೇ ಜಾಸ್ತಿ ಇರುವ ಲೋಹದ ಮೇಲೆ ಉಳಿಯಿಂದ ಗೀರು ಕೊರೆಯುತ್ತಾರಲ್ಲ, ಬರ್ಲಿನರ್ ಆ ಉಳಿಯ ಕೆಲಸವನ್ನು ಆಮ್ಲದಿಂದ ಮಾಡಿಸಿದ. ತಟ್ಟೆಗೆ ತೆಳುವಾಗಿ ಜಿಡ್ಡು ಹಚ್ಚಿ, ಮುಳ್ಳು ಜಿಡ್ಡನ್ನು ಗೀರಿದ ಜಾಗದಲ್ಲಿ ಮಾತ್ರ ಆಮ್ಲ ಸತುವನ್ನು ತಿನ್ನುವಂತೆ ಮಾಡಿದ. ಅದರಿಂದ ಲೋಹದ ಅಚ್ಚು ತೆಗೆದು ಸಾವಿರಾರು ತಟ್ಟೆ ಒತ್ತಬಹುದಿತ್ತು. ಮುಂದೆ ಒತ್ತುವ ವಸ್ತು ಅರಗಾಯಿತು. ನಮ್ಮದೇ ದೇಶದ ಕಾಡುಗಳಲ್ಲಿ ಅರಗಿನ ಹುಳ ಕೊಡುವ ಅಂಟು, ಅದಕ್ಕೆ ಕಲ್ಲಿನ ಪುಡಿ, ಕಪ್ಪು ಮಸಿ. ನಮ್ಮ ಅಜ್ಜಂದಿರು ಚಾವಿ ಕೊಟ್ಟು ಕೇಳಿದ 78 ಆರ್‌ಪಿಎಂ ತಟ್ಟೆ, ಅಂದರೆ ನಿಮಿಷಕ್ಕೆ 78 ಸುತ್ತು ಹಾಕುವ ತಟ್ಟೆ, ಇದೇ.

ಇಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಮನೆಯ ಗ್ರಾಮಫೋನಿಗೆ ನುಡಿಸಲು ಮಾತ್ರ ಬರುತ್ತಿತ್ತು, ತುಂಬಿಕೊಳ್ಳಲು ಬರುತ್ತಿರಲಿಲ್ಲ. ಯಾರ ದನಿ ತಟ್ಟೆಯಾಗಬೇಕು ಅಂತ ಕಂಪನಿ ತೀರ್ಮಾನಿಸುತ್ತಿತ್ತು. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಕ್ಕೆ ಬಂದು ಗೌಹರ್ ಜಾನ್ ಹಾಡನ್ನು ತುಂಬಿಕೊಂಡ. ಅಚ್ಚುಗಳು ತಟ್ಟೆಯಾಗಲು ಜರ್ಮನಿಯ ಹ್ಯಾನೋವರಿಗೆ ಹೋದವು. ಮುಂದೆ ಕನ್ನಡದವರ ದನಿಗಳೂ ಬಂದವು, ಮಲ್ಲಿಕಾರ್ಜುನ ಮನ್ಸೂರರ ತಟ್ಟೆಗಳು 1930ರ ದಶಕದಿಂದ ಇವೆ. ಆದರೆ ಜೇವರ್ಗಿ ಕಡೆ ಏಕತಾರಿ ಹಿಡಿದು ರಾತ್ರಿಯೆಲ್ಲ ತತ್ವಪದಕಾರ ಕಡಕೋಳ ಮಡಿವಾಳಪ್ಪನ ಪದ ಹಾಡುವವರ ಬಳಿಗೆ ಯಾವ ಕಂಪನಿ ಯಾಕೆ ಬರಬೇಕಿತ್ತು? ತಟ್ಟೆಯಲ್ಲಿ ಹಿಡಿಯುತ್ತಿದ್ದುದೂ ಬರೀ ಮೂರು ಮೂರೂವರೆ ನಿಮಿಷ.

ವಿದ್ವಾಂಸರ ಕೆಲಸದಲ್ಲೂ ನಮ್ಮ ಭಾಗ ಹೊರಗೇ ಉಳಿಯಿತು. ಜಾರ್ಜ್ ಗ್ರಿಯರ್ಸನ್ ನಡೆಸಿದ ಭಾರತದ ಭಾಷಾ ಸಮೀಕ್ಷೆಯ ಸಂಪುಟಗಳು 1903ರಿಂದ 1928ರವರೆಗೆ ಬಂದವು. ಆ ಸಮೀಕ್ಷೆಯ ಜೊತೆಗೆ ಭಾಷೆಗಳ ಗ್ರಾಮಫೋನ್ ತಟ್ಟೆಗಳನ್ನೂ ಮಾಡಿಸಿದರು. ಆದರೆ ಸಮೀಕ್ಷೆ ಮದ್ರಾಸ್ ಪ್ರಾಂತ್ಯವನ್ನು, ಮೈಸೂರು, ಹೈದರಾಬಾದ್ ಸಂಸ್ಥಾನಗಳನ್ನು ಬಿಟ್ಟೇ ನಡೆಯಿತು. ಆಗ ಕಲಬುರಗಿ, ಬೀದರ್ ಎರಡೂ ನಿಜಾಮರ ಹೈದರಾಬಾದಿನಲ್ಲಿದ್ದವು. ನಮ್ಮ ಕಡೆಯ ಕನ್ನಡ ಆ ಕಾಲದಲ್ಲಿ ಹೇಗೆ ಕೇಳುತ್ತಿತ್ತು ಅಂತ ಕಿವಿಯಾರೆ ತಿಳಿಯುವ ಒಂದು ಅವಕಾಶ ಹಾಗೆ ತಪ್ಪಿತು.

ತುಂಬಿಕೊಳ್ಳುವ ಶಕ್ತಿ ಮನೆಗಳಿಗೆ ಮತ್ತೆ ಬಂದಿದ್ದು ಕ್ಯಾಸೆಟ್ಟಿನಿಂದ. ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲಿ ಹೊರತಂದಿತು. ನಮ್ಮ ಹಳ್ಳಿಗಳಿಗೆ ಟೇಪ್ ರೆಕಾರ್ಡರ್ ಬಂದಾಗ ಜನ ಸಿನಿಮಾ ಹಾಡು ಕೇಳಿದರು, ಅದು ಸರಿ. ಅದರ ಜೊತೆಗೆ ಖಾಲಿ ಕ್ಯಾಸೆಟ್ಟು ಹಾಕಿ ಕೆಂಪು ಗುಂಡಿ ಒತ್ತಿದರು. ಭಜನೆ, ತತ್ವಪದ, ಮೊಹರಮ್ಮಿನ ರಿವಾಯತ್ ಪದ, ಬಯಲಾಟ, ಸೋಬಾನೆ, ಉರುಸಿನ ಕವ್ವಾಲಿ, ದುಬೈಗೋ ಮುಂಬೈಗೋ ಹೋದ ಮಗನಿಗೆ ಅವ್ವ ಹೇಳಿ ಕಳಿಸಿದ ಮಾತು. ಎಡಿಸನ್ ಬರೆದ ಆ ಪಟ್ಟಿ ನಮ್ಮಲ್ಲಿ ನಿಜವಾಗಿದ್ದು ಈ ಡಬ್ಬಿಗಳಲ್ಲಿ. ಮಡಿವಾಳಪ್ಪ, ಚೆನ್ನೂರ ಜಲಾಲ ಸಾಹೇಬ, ತೆಲುಗಬಾಳ ರೇವಪ್ಪ ಇವರ ಪದಗಳ ಸಾಹಿತ್ಯ ಪುಸ್ತಕಗಳಲ್ಲಿದೆ. ಧಾಟಿ ಪುಸ್ತಕದಲ್ಲಿ ಸಿಗುವುದಿಲ್ಲ. ಎಲ್ಲಿ ಎಳೆಯಬೇಕು, ಎಲ್ಲಿ ತಡೆಯಬೇಕು, ಯಾವ ಸಾಲನ್ನು ಜೊತೆಯವರು ಎತ್ತಿಕೊಳ್ಳಬೇಕು ಅನ್ನುವುದೆಲ್ಲ ದನಿಯಲ್ಲೇ ಇರುವಂಥದ್ದು.

ತೊಡಕು ಏನೆಂದರೆ, ನಮ್ಮ ದನಿಗಳು ಸೇರಿಕೊಂಡ ಆ ವಸ್ತುವೇ ಎಲ್ಲಕ್ಕಿಂತ ದುರ್ಬಲ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. 10 ಇಂಚಿನ 78 ತಟ್ಟೆಯ ಅಂಚಿನಲ್ಲಿ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು ಒಂದು ಮೀಟರ್ ಓಡುತ್ತದೆ. ಸೆಕೆಂಡಿಗೆ 1000 ಸಲ ಅಲುಗುವ ಸ್ವರದ ಒಂದು ಅಲೆಗೆ ಅಲ್ಲಿ ಒಂದು ಮಿಲಿಮೀಟರ್ ಜಾಗ ಸಿಗುತ್ತದೆ. ಕ್ಯಾಸೆಟ್ಟಿನ ರೀಲು ಸೆಕೆಂಡಿಗೆ ಓಡುವುದು ಬರೀ 4.76 ಸೆಂಟಿಮೀಟರ್. ಅದೇ ಅಲೆಗೆ ಅಲ್ಲಿ ಸಿಗುವುದು ಮಿಲಿಮೀಟರಿನ 20ನೇ ಒಂದು ಭಾಗ. ‘ಸ’, ‘ಶ’, ‘ಚ’ ಇಂಥ ಅಕ್ಷರಗಳ ಸದ್ದು ಇನ್ನೂ ಮೇಲಿನದು, ಅದರ ಅಲೆ ಇನ್ನೂ ಸಣ್ಣದು. ಅಷ್ಟು ಸಣ್ಣ ಜಾಗದಲ್ಲಿ ಸ್ವಲ್ಪ ಏರುಪೇರಾದರೂ ಮೊದಲು ಹೋಗುವುದು ಈ ಸದ್ದುಗಳು. ತತ್ವಪದದಲ್ಲಿ ಅಕ್ಷರ ಹೋದರೆ ಅರ್ಥವೇ ಹೋಯಿತಲ್ವಾ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ತಟ್ಟೆಯ ದನಿ ಆಕಾರದಲ್ಲಿದೆ. ಭೂತಕನ್ನಡಿ ಹಿಡಿದರೆ ಗೀರಿನ ಓಲಾಟ ಕಣ್ಣಿಗೇ ಕಾಣುತ್ತದೆ. ಕಾಣುವುದನ್ನು ಫೋಟೊ ತೆಗೆಯಬಹುದು, ಫೋಟೊದಿಂದ ದನಿ ಎತ್ತಬಹುದು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕಾರ್ಲ್ ಹೇಬರ್ ಮತ್ತು ಅವರ ಜೊತೆಯವರು ಮುಳ್ಳು ಮುಟ್ಟಿಸದೆ, ಕ್ಯಾಮೆರಾದಿಂದ ಗೀರು ಓದುವ ವಿಧಾನ ಕಟ್ಟಿದರು. 2008ರಲ್ಲಿ ಅದೇ ಪ್ರಯೋಗಾಲಯದ ನೆರವಿನಿಂದ ಸ್ಕಾಟ್ 1860ರಲ್ಲಿ ಮಸಿ ಕಾಗದದ ಮೇಲೆ ಎಳೆಸಿದ ಒಂದು ಹಾಡಿನ ತುಣುಕನ್ನು ಜನ ಮೊದಲ ಸಲ ಕೇಳಿದರು. ಕೇಳಿಸಬೇಕು ಅಂತ ಮಾಡದೇ ಇದ್ದ ಗೆರೆ 148 ವರ್ಷ ಆದಮೇಲೆ ದನಿ ಕೊಟ್ಟಿತು! ಸೀಳಿದ ತಟ್ಟೆಗೂ ಹೀಗೆ ಒಂದು ಆಸೆ ಇರುತ್ತದೆ.

ಟೇಪಿನಲ್ಲಿ ಕಾಣುವಂಥದ್ದು ಏನೂ ಇಲ್ಲ. ಪ್ಲಾಸ್ಟಿಕ್ ರೀಲಿನ ಮೇಲೆ ಕಬ್ಬಿಣದ ಆಕ್ಸೈಡಿನ ಸಣ್ಣ ಕಣಗಳನ್ನು ಅಂಟಿನಲ್ಲಿ ಕಲಸಿ ಲೇಪಿಸಿರುತ್ತಾರೆ. ದನಿ ಆ ಕಣಗಳ ಕಾಂತಶಕ್ತಿಯಲ್ಲಿ ಇರುತ್ತದೆ. ಅಂಟು ಸೆಕೆಗೆ, ತೇವಕ್ಕೆ ಕೆಡುತ್ತದೆ. ಒಂದರ ಮೇಲೊಂದು ಸುತ್ತಿಕೊಂಡ ಪದರಗಳು ಒಂದಕ್ಕೊಂದು ತಮ್ಮ ಛಾಪು ಒತ್ತುತ್ತವೆ. ಹಾಡು ಶುರುವಾಗುವ ಮೊದಲೇ ಅದು ಸಣ್ಣಗೆ ದೂರದಿಂದ ಕೇಳಿದಂತೆ ಆಗುತ್ತದಲ್ಲ, ಅದು ಇದೇ. ಬಿಸಿ ಜಾಸ್ತಿಯಾದಷ್ಟೂ ಈ ಛಾಪು ಜಾಸ್ತಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡಿನ ಕೆಳಗೆ ಇನ್ನೂ ಮೇಲೆ. 90 ನಿಮಿಷದ ಸಿ-90 ಕ್ಯಾಸೆಟ್ಟಿನ ರೀಲು 60 ನಿಮಿಷದ ಸಿ-60ಕ್ಕಿಂತ ತೆಳು, ಅದು ಬೇಗ ಹಿಗ್ಗುತ್ತದೆ. ರಾತ್ರಿಯ ಕಾರ್ಯಕ್ರಮ ಜಾಸ್ತಿ ಹಿಡಿಯಲಿ ಅಂತ ನಮ್ಮವರು ಕೊಂಡಿದ್ದು ಸಿ-90 ಅನ್ನೇ.

ರೀಲು ಚೆನ್ನಾಗಿದ್ದರೂ ಓದುವ ಯಂತ್ರ ಬೇಕು. ಯಂತ್ರದ ರಬ್ಬರ್ ಬೆಲ್ಟು ಕರಗುತ್ತದೆ, ರೋಲರ್ ಗಟ್ಟಿಯಾಗುತ್ತದೆ, ರೀಲಿನಿಂದ ದನಿ ಓದುವ ಹೆಡ್ ಸವೆಯುತ್ತದೆ. ರೇಡಿಯೊ, ಟೇಪು ರಿಪೇರಿ ಮಾಡುತ್ತಿದ್ದ ಅಂಗಡಿಗಳು ಮೊಬೈಲ್ ರಿಪೇರಿಗೆ ತಿರುಗಿವೆ. ಕೈಯಲ್ಲಿ ಈ ವಿದ್ಯೆ ಇರುವ ಮೇಸ್ತ್ರಿಗಳಿಗೂ ವಯಸ್ಸಾಗಿದೆ.

ಹಾಗಂತ ತಟ್ಟೆಗಳನ್ನು ಹೇಗೆ ಬೇಕಾದರೂ ಬಳಸಬಹುದು ಅಂತ ತಿಳಿಯಬಾರದು. ಹಳೆ ಗ್ರಾಮಫೋನಿನ ಮುಳ್ಳು ಉಕ್ಕಿನದು, ಅದರ ಮೇಲೆ ನೂರು ಗ್ರಾಂಗೂ ಮೀರಿದ ಭಾರ. ಪ್ರತಿ ಸಲ ನುಡಿಸಿದಾಗಲೂ ಗೀರು ಸವೆಯುತ್ತದೆ. ಹಿತ್ತಾಳೆ ಕಹಳೆ ಹಾಕಿ ಹಳೆಯದು ಅಂತ ಮಾರುವ ಹೊಸ ಯಂತ್ರಗಳು ಇನ್ನೂ ಕೆಟ್ಟವು. ಮಾಡುವುದಾದರೆ ಈಗಿನ ಟರ್ನ್‌ಟೇಬಲ್, ಕೆಲವೇ ಗ್ರಾಂ ಭಾರ, 78ರ ಅಗಲ ಗೀರಿಗೆ ಅಂತಲೇ ಮಾಡಿದ ಮುಳ್ಳು ಬೇಕು. ಆಮೇಲೆ ಬಂದ ಎಲ್‌ಪಿ ತಟ್ಟೆಗಳ ಸಣ್ಣ ಮುಳ್ಳು ಗೀರಿನ ತಳಕ್ಕೆ ಇಳಿದು ಬರೀ ಸರಸರ ಸದ್ದು ಕೊಡುತ್ತದೆ. ಇನ್ನೊಂದು ಮುಖ್ಯ ಮಾತು, ಅರಗಿನ ತಟ್ಟೆಯನ್ನು ಸ್ಪಿರಿಟ್ ಹಚ್ಚಿ ಒರೆಸಬೇಡಿ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಬಿಸಿಲು ಬೀಳದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಟ್ಟರೆ ಅವು ಸದ್ಯಕ್ಕೆ ಕಾಯುತ್ತವೆ. ಕಂಪನಿಯ ತಟ್ಟೆಗಳ ಇನ್ನೊಂದು ಪ್ರತಿ ಬೇರೆ ಯಾರದೋ ಬಳಿ ಇರುವ ಸಾಧ್ಯತೆಯೂ ಇದೆ. ಮನೆಯಲ್ಲಿ ತುಂಬಿದ ಕ್ಯಾಸೆಟ್ಟು ಇರುವುದು ಒಂದೇ.

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವುದು ದೊಡ್ಡ ವಿದ್ಯೆಯೇನಲ್ಲ, ಆದರೆ ಗಮನ ಬೇಕು. ಮೊದಲು ಮೇಲಿನ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಮುರಿಯಬೇಕು, ಆಗ ಕೈತಪ್ಪಿ ಅದರ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ. ಆಮೇಲೆ ಹೆಡ್. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಒಂಚೂರು ವಾಲಿದ್ದರೆ, ಈಗ ನುಡಿಸುವ ಹೆಡ್ಡನ್ನೂ ಅಷ್ಟೇ ವಾಲಿಸಬೇಕು. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ಇರುವುದು ಇದಕ್ಕೇ. ಮಬ್ಬಾಗಿದ್ದ ‘ಸ’, ‘ಚ’ ತಟ್ಟನೆ ತಿಳಿಯಾಗುವವರೆಗೆ ಅದನ್ನು ನವಿರಾಗಿ ತಿರುಗಿಸಬೇಕು.

ವೇಗದ ಪ್ರಶ್ನೆ ನಮ್ಮ ಕಡೆಯ ಕ್ಯಾಸೆಟ್ಟುಗಳಲ್ಲಿ ಬಹಳ ಮುಖ್ಯ. ಕರೆಂಟಿಲ್ಲದ ಜಾಗದಲ್ಲಿ ಸೆಲ್ ಹಾಕಿ ರೆಕಾರ್ಡ್ ಮಾಡುತ್ತಿದ್ದರು. ರಾತ್ರಿ ಕಳೆದಂತೆ ಸೆಲ್ ಇಳಿಯುತ್ತದೆ, ರೀಲು ನಿಧಾನವಾಗುತ್ತದೆ. ಅದನ್ನೇ ಈಗ ಸರಿಯಾದ ವೇಗದಲ್ಲಿ ನುಡಿಸಿದರೆ ಹಾಡು ಓಡುತ್ತದೆ, ಗಂಡಸಿನ ದನಿ ಹುಡುಗನ ದನಿಯಾಗುತ್ತದೆ. ಸುಮಾರು ಶೇ 6 ವ್ಯತ್ಯಾಸವಾದರೆ ಹಾರ್ಮೋನಿಯಂನ ಒಂದು ಮನೆ ಪಕ್ಕಕ್ಕೆ ಸರಿದ ಹಾಗೆ. ಹಾಡಿನಲ್ಲಿ ಹಾರ್ಮೋನಿಯಂ ಇದ್ದರೆ ಅದರ ಸ್ವರ ಹಿಡಿದು ವೇಗ ತಿದ್ದಬಹುದು. ಕರೆಂಟಿನಲ್ಲಿ ಮಾಡಿದ ರೆಕಾರ್ಡಿನಲ್ಲಿ ಸಣ್ಣಗೆ 50 ಹರ್ಟ್ಸ್ ಗುಂಯ್ ಸದ್ದು ಇರುತ್ತದೆ, ಅದನ್ನು ಅಳತೆಗೋಲಾಗಿ ಹಿಡಿಯಬಹುದು. ಆದ್ದರಿಂದ ಆ ಗುಂಯ್ ಸದ್ದನ್ನು ಸುಮ್ನೆ ಅಳಿಸಬೇಡಿ.

ಅಳಿಸುವ ಆತುರವೇ ಈಗಿನ ಹೊಸ ಅಪಾಯ. ಫೋನಿನಲ್ಲಿ ಎಐ ಆ್ಯಪ್‌ಗಳಿವೆ, ಒಂದು ಗುಂಡಿ ಒತ್ತಿದರೆ ಸದ್ದು ತೆಗೆದು ದನಿ ಶುದ್ಧ ಮಾಡುತ್ತವೆ. ಈ ತರದ ತಂತ್ರಾಂಶಗಳು ಎಡೆಬಿಡದೆ ಒಂದೇ ಸಮ ಬರುವುದನ್ನು ಬೇಡದ ಸದ್ದು ಅಂತ ಎಣಿಸುವುದು ಜಾಸ್ತಿ. ಏಕತಾರಿಯ ಶ್ರುತಿ ಎಡೆಬಿಡದೆ ಬರುವಂಥದ್ದೇ ತಾನೆ? ಅದೂ ಹೋಗಬಹುದು. ಮಾತಿಗೆ ಅಂತ ಪಳಗಿದ ತಂತ್ರಾಂಶಕ್ಕೆ ತಾಳ, ದಪ್ಪಿನ ಸದ್ದೂ ಕಸವೇ. ಆದ್ದರಿಂದ ಇಳಿಸಿದ ಮೊದಲ ಪ್ರತಿಯನ್ನು ಹೇಗಿದೆಯೋ ಹಾಗೇ ಇಡಬೇಕು. ತಿದ್ದುವುದೆಲ್ಲ ಇನ್ನೊಂದು ಪ್ರತಿಯಲ್ಲಿ. ಮೊದಲ ಪ್ರತಿ ಕುಗ್ಗಿಸದ ವೇವ್ ಫೈಲಾಗಿ, ಕಡಿಮೆ ಅಂದರೂ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇರಲಿ. ಒಂದು ಗಂಟೆಯ ಸ್ಟೀರಿಯೊ ರೆಕಾರ್ಡಿಗೆ ಒಂದು ಜಿಬಿ ಆಸುಪಾಸು ಆಗುತ್ತದೆ, ಈಗ ಅದೇನೂ ದೊಡ್ಡ ಭಾರವಲ್ಲ. ಎಂಪಿ3 ಅಥವಾ ವಾಟ್ಸ್ಆ್ಯಪಿನಲ್ಲಿ ಕಳಿಸಿದ ಆಡಿಯೊ ಹಂಚಿಕೊಳ್ಳಲು ಸಾಕು, ಕಾಪಿಡಲು ಸಾಲದು. ಕುಗ್ಗಿಸುವಾಗ ಬಿಸಾಕಿದ್ದನ್ನು ಮತ್ತೆ ತರಲಾಗದು. ಪ್ರತಿಗಳು ಎರಡು ಮೂರು ಕಡೆ ಇರಲಿ, ಎಲ್ಲವೂ ಒಂದೇ ಮನೆಯಲ್ಲಿ ಬೇಡ. ಇಳಿಸಿಯಾಯಿತು ಅಂತ ಕ್ಯಾಸೆಟ್ಟನ್ನೂ ಎಸೆಯಬೇಡಿ.

ಒಬ್ಬೊಬ್ಬರೇ ಮಾಡಿದರೆ ಇದು ಮುಗಿಯುವ ಕೆಲಸವಲ್ಲ. ನಮ್ಮ ಕಡೆ ಸಂಸ್ಥೆಗಳಿಗೆ ಕೊರತೆ ಇಲ್ಲ. 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ ಇದೆ, 2009ರಲ್ಲಿ ಬಂದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲೂಕಿನ ಕಡಗಂಚಿಯಲ್ಲಿದೆ, ಆಕಾಶವಾಣಿ ಕೇಂದ್ರ ಇದೆ, ಹಣ ಕೊಡಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಬೇಕಾಗಿರುವುದು ತಂಪಾದ ಒಂದು ಕೋಣೆ, ಸರಿ ಮಾಡಿಸಿದ ನಾಲ್ಕಾರು ಕ್ಯಾಸೆಟ್ ಡೆಕ್ಕು, ರಿಪೇರಿ ಬಲ್ಲ ಒಬ್ಬ ಮೇಸ್ತ್ರಿ, ಅವರ ಕೈಕೆಳಗೆ ಕಲಿಯುವ ಹುಡುಗ ಹುಡುಗಿಯರು. ಇವುಗಳ ಜೊತೆ ಪದ ಬಲ್ಲ ಹಿರಿಯರು ಬೇಕು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅದೇ. ಕ್ಯಾಸೆಟ್ಟಿನ ಚೀಟಿಯ ಮೇಲೆ ಬರೀ ‘ಭಜನಿ’ ಅಂತ ಇರುತ್ತದೆ. ಹಾಡಿದವರು ಯಾರು, ಯಾವ ಊರು, ಯಾವ ಜಾತ್ರೆ, ತಬಲಾ ಯಾರದು ಅಂತ ಹೇಳಬಲ್ಲವರು ಇವತ್ತು ಇದ್ದಾರೆ. ಅವರನ್ನು ಕೂರಿಸಿ, ಕೇಳಿಸಿ, ಹೇಳಿದ್ದನ್ನು ಬರೆದುಕೊಳ್ಳಬೇಕು. ಹೆಸರಿಲ್ಲದ ಫೈಲು ಮುಂದಿನವರಿಗೆ ಅರ್ಧ ಮೂಕವಾಗಿಯೇ ಉಳಿಯುತ್ತದೆ.

ಹಕ್ಕಿನ ಮಾತನ್ನೂ ಶುರುವಿನಲ್ಲೇ ಬಗೆಹರಿಸಿಕೊಳ್ಳಬೇಕು. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕಂಪನಿ ಹೊರತಂದ ರೆಕಾರ್ಡಿನ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಬಹಳಷ್ಟು 78 ತಟ್ಟೆಗಳು ಆ ಗಡಿ ದಾಟಿವೆ. ಮನೆಯ ಕ್ಯಾಸೆಟ್ಟಿನ ವಿಚಾರ ಬೇರೆ. ಹಾಡಿದವರಿಗೆ ತಮ್ಮ ಹಾಡಿನ ಮೇಲೆ ಹಕ್ಕಿದೆ, ಮನೆಮಾತು ಆಡಿದ ಅವ್ವನಿಗೂ ಅವಳ ಮಾತಿನ ಮೇಲೆ ಹಕ್ಕಿದೆ. ಯೂಟ್ಯೂಬಿಗೆ ಹಾಕುವ ಮೊದಲು ಹಾಡಿದವರನ್ನೋ ಅವರ ಮಕ್ಕಳನ್ನೋ ಕೇಳಬೇಕು, ಮಠ, ದರ್ಗಾಗಳಲ್ಲಿ ಆದ ರೆಕಾರ್ಡಾದರೆ ಅಲ್ಲಿಯವರನ್ನೂ ಕೇಳಬೇಕು. ಎಲ್ಲರಿಗೂ ಕೇಳಿಸಬಹುದೋ, ಬರೀ ಅಧ್ಯಯನಕ್ಕೋ, ಮನೆಯವರಿಗೆ ಮಾತ್ರವೋ ಅಂತ ಅವರೇ ಹೇಳಲಿ. ಅವರು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಫೈಲಿನ ಜೊತೆಗೇ ಇಡಬೇಕು.